ಮುಖ ತೋರಿಸದ ಪ್ಲಾಸ್ಮಾ ಟಿವಿ

"ಕೇಳ್ರಪ್ಪೋ ಕೇಳಿ! ಹಿರಿರಾಣಿಯವರ ಪ್ಲಾಸ್ಮಾ ಟಿವಿಯಲ್ಲಿ ಚಿತ್ರ ಬರುತ್ತಿಲ್ಲ. ಮಹಾರಾಜರ ಮೂರು ಒಗಟು ಬಿಡಿಸಿ ಚಿತ್ರ ಬರಿಸಿದವನಿಗೆ ರಾಜಕುಮಾರಿ ಕೆಂಪಾಜಿಯನ್ನು ಕೊಟ್ಟು ಮದುವೆ. ಒಂದು ತಪ್ಪಿದರೂ ತಲೆ ಇರೋದಿಲ್ಲ!"

ಕೆಂಚನಗಿರಿಯ ಬೀದಿಬೀದಿಯಲ್ಲಿ ಹೀಗೆ ಡಂಗುರ ಹೊಡೆದರು. ಆ ಟಿವಿ ಹಿರಿರಾಣಿ ನಿಂಗಾಜಮ್ಮಣ್ಣಿಗೆ ತವರಿನಿಂದ ಬಂದದ್ದು. ಹಳೇದು, ಚಪ್ಪಡಿಕಲ್ಲಿನಷ್ಟು ಭಾರ. ಕಿರಿರಾಣಿ ಪುಟ್ಟರಂಗಮ್ಮಣ್ಣಿ ಒಂದು ದಿನ ಬಾಗಿಲಲ್ಲಿ ನಿಂತು "ಎಷ್ಟು ಚೆನ್ನಾಗಿದೆ ಅಕ್ಕಾ" ಅಂದಳಂತೆ. ಅಂದದ್ದು ಅಷ್ಟೇ. ಆರು ತಿಂಗಳಲ್ಲಿ ಚಿತ್ರ ಮಾಯ. "ಸವತಿ ಕಣ್ಣು ಹಾಕಿದಳು, ಅವಳನ್ನ ತವರಿಗೆ ಅಟ್ಟಿ" ಅಂತ ಹಿರಿಯವಳು ಗಂಡನ ಕಿವಿ ಕಚ್ಚಿದ್ದೇ ಕಚ್ಚಿದ್ದು. ರಾಜನಿಗೆ ಹೊಸಬಳನ್ನ ಬಿಡೋ ಮನಸ್ಸಿಲ್ಲ, ಹಳಬಳನ್ನ ಎದುರಿಸೋ ಧೈರ್ಯವಿಲ್ಲ. ಅದಕ್ಕೇ ಈ ಒಗಟಿನ ನಾಟಕ.

ಮೊದಲು ಬಂದವನು ಮಂತ್ರಿಯ ಮಗ.

ರಾಜ ಕೇಳಿದ, "ನನ್ನ ಮನೇಲಿ ಒಬ್ಬನಿದ್ದಾನೆ. ಎಬ್ಬಿಸಿದರೆ ನಾಲ್ಕು ಮಾತಾಡ್ತಾನೆ, ಮುಖ ಮಾತ್ರ ತೋರಿಸಲ್ಲ. ಬದುಕಿದ್ದಾನೋ, ಸತ್ತಿದ್ದಾನೋ?"

"ಸತ್ತಿದ್ದಾನೆ ಪ್ರಭು. ಮಾತಾಡೋದು ದೆವ್ವ."

ತಲೆ ಹೋಯಿತು.

ಆಮೇಲೆ ಬಂದ ಪಕ್ಕದೂರಿನ ರಾಜಕುಮಾರ "ಬದುಕಿದ್ದಾನೆ" ಅಂದು ಒಂದು ಹೊಸಿಲು ದಾಟಿದ. "ನಾಲ್ಕು ಮಾತಾದ ಮೇಲೆ ಬಾಯಿ ಮುಚ್ಚಿ, ಕೆಂಪು ಕಣ್ಣನ್ನ ಆರು ಸಲ ಮಿಟುಕಿಸ್ತಾನೆ. ಯಾಕೆ?" ಅಂತ ರಾಜ ಕೇಳಿದರೆ, ಪುಣ್ಯಾತ್ಮ ಮೀಸೆ ತಿರುವಿ, "ನನ್ನ ಚೆಲುವು ಕಂಡು ಹೊಟ್ಟೆಕಿಚ್ಚು" ಅಂದ. ಚೆಲುವೇನೋ ಇತ್ತು, ತಲೆ ಉಳಿಯಲಿಲ್ಲ.

ಮೂರನೆಯವನು ಬೋರಲಿಂಗ. ಕುಂಬಾರರ ಹುಡುಗ. ಕೋಟೆ ಬಾಗಿಲಲ್ಲಿ ಗೋಣಿ ಹಾಸಿಕೊಂಡು ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಅವನ ಹರಕು ಅಂಗಿ ಕಂಡು ಹಿರಿರಾಣಿ ಮೂಗು ಮುರಿದಳು.

ಅವನು ಟಿವಿಗೆ ಸುತ್ತಿದ್ದ ಮಖಮಲ್ಲನ್ನ ಮುಂದೆ ಸರಿಸಿ, ಟಿವಿ ಹಾಕಿ, ಗಾಜಿನ ಮೇಲೆ ಅಂಗೈ ಇಟ್ಟ. "ಬದುಕಿದ್ದಾನೆ ಬುದ್ಧಿ. ಮಾತು ಬಂತು ಅಂದ್ರೆ ಕರೆಂಟು ಒಳಗೆ ಬಂದಿದೆ. ಗಾಜು ತಣ್ಣಗಿದೆ ಅಂದ್ರೆ ಮುಖದವರೆಗೆ ಹೋಗಿಲ್ಲ."

"ಕೆಂಪು ಕಣ್ಣು?"

"ಅದು ಈ ಪುಟ್ಟ ಕೆಂಪು ದೀಪ ಬುದ್ಧಿ, ಎಲ್ಲಿ ನೋವು ಅಂತ ಅವನೇ ಹೇಳ್ತಿದ್ದಾನೆ. ಎಷ್ಟು ಸಲ ಮಿಟುಕಿಸಿದ ಅನ್ನೋದರ ಮೇಲೆ ಜಾಗ ಗೊತ್ತಾಗುತ್ತೆ. ಇವನಿಗೆ ಆರು ಅಂದ್ರೆ ಮುಖಕ್ಕೆ ಬೆಳಕು ಕೊಡೋ ಬೋರ್ಡು."

ರಾಜ ತಗ್ಗಿದ ದನಿಯಲ್ಲಿ ಮೂರನೆಯದು ಕೇಳಿದ, "ಇದಕ್ಕೆ ಬಿದ್ದದ್ದು ಯಾರ ಕಣ್ಣು?"

ಎಲ್ಲರೂ ಕಿರಿರಾಣಿಯನ್ನ ನೋಡಿದರು. ಅವಳ ಪೆಟ್ಟಿಗೆ ಕಟ್ಟಿ ಗಾಡಿಗೆ ಏರಿಸಿ ಆಗಿತ್ತು. ಹಿರಿರಾಣಿ ಹಲ್ಲು ಕಚ್ಚಿ, "ಹೇಳೋ, ಹೆಸರು ಹೇಳು!" ಅಂದಳು.

ಬೋರಲಿಂಗ ಪ್ಲಗ್ ಕಿತ್ತು, ಒಳಗಿನ ಕರೆಂಟು ಇಳಿಯಲಿ ಅಂತ ಎರಡು ಸಲ ಎಲೆಅಡಿಕೆ ಹಾಕೋಷ್ಟು ಹೊತ್ತು ಕಾದ. ಆ ಮಖಮಲ್ಲು ಬಿಚ್ಚಿದರೆ ಏಳು ಸುತ್ತು! ಹಿಂದಿನ ಮುಚ್ಚಳ ತೆಗೆದ. ಕರೆಂಟು ಹಿಡಿದಿಡೋ ಡಬ್ಬಿಗಳು, ಅಂದರೆ ಕಂಡೆನ್ಸರು, ನಾಲ್ಕರ ನೆತ್ತಿ ಪೂರಿಯ ಹಾಗೆ ಉಬ್ಬಿತ್ತು.

"ಈ ಬಟ್ಟೆ ಕಟ್ಟಿದ್ದು ಯಾರಮ್ಮಾ?"

ದಾಸಿ ತಡೆಯಲಾರದೆ ಬಾಯಿ ಬಿಟ್ಟಳು, "ಹಿರಿಯಮ್ಮಾವ್ರೇ. ಚಿಕ್ಕಮ್ಮಾವ್ರ ದೃಷ್ಟಿ ತಾಗಬಾರದು ಅಂತ. ಟಿವಿ ಓಡುವಾಗಲೂ ಮುಂದೆ ಮಾತ್ರ ಸರಿಸೋರು."

"ಯಾರ ಕಣ್ಣೂ ಬಿದ್ದಿಲ್ಲ ಬುದ್ಧಿ. ಇವನದು ಕೆಂಡದ ಮೈ, ಬೆನ್ನಿಗೆ ಗಾಳಿ ಬೇಕು. ಕಣ್ಣು ಬಿದ್ದೀತು ಅಂತ ಹೆದರಿ ಉಸಿರು ಕಟ್ಟಿಸಿದ್ದಾರೆ."

"ಇವನ ತಲೆ ತೆಗೆಸಿ!" ಹಿರಿರಾಣಿ ಕಿರುಚಿದಳು.

"ತಾಳು. ಚಿತ್ರ ಬರದಿದ್ದರೆ ತೆಗೆಸೋಣ" ಅಂದ ರಾಜ.

ಕೊರಳ ಮೇಲೆ ಕತ್ತಿ ಇಟ್ಟೇ ಕೆಲಸ ಮಾಡಿಸಿದರು. ಬೋರಲಿಂಗ ಬೇರೆ ನಾಲ್ಕು ಕಂಡೆನ್ಸರು ಬೆಸುಗೆ ಹಾಕಿ ಪ್ಲಗ್ ಚುಚ್ಚಿದ. ಟಕ್ ಅಂತ ಸದ್ದಾಯಿತು, ಗಾಜು ತುಂಬ ಬಣ್ಣ ಬಂತು. ರಾಜ ಹೆಂಡತಿಯರನ್ನೇ ಮರೆತು "ಅಬ್ಬಾ!" ಅಂದ.

ಗಾಡಿಯಿಂದ ಪೆಟ್ಟಿಗೆ ಇಳಿಯಿತು. ಕುಂಬಾರರ ಕೇರಿಗೆ ಕೆಂಪಾಜಿಯ ದಿಬ್ಬಣ ಹೊರಟಿತು. ಅಳಿಯನ ಪಾದ ತೊಳೆಯುವಾಗ ಹಿರಿರಾಣಿಯ ಮುಖ ಹೇಗಿತ್ತು ಅಂತೀರಿ, ಹುಣಸೆಹಣ್ಣು ನಾಚಬೇಕು. ಅಂದಿನಿಂದ ಇಬ್ಬರು ರಾಣಿಯರೂ ಒಂದೇ ಚಾಪೆಯಲ್ಲಿ ಕೂತು ಟಿವಿ ನೋಡಬೇಕು ಅಂತ ರಾಜಾಜ್ಞೆಯಾಯಿತು. ಕೂತರು. ನಡುವೆ ಒಂದು ಮೊಳ ಜಾಗ ಬಿಟ್ಟು.

ಅವರು ಅಲ್ಲಿ ಚಿತ್ರ ನೋಡಿಕೊಂಡಿರಲಿ, ನಾವು ಇಲ್ಲಿ ಅವರ ಸುದ್ದಿ ಆಡಿಕೊಂಡಿರೋಣ.