ಎರಡನೆಯ ಅಕ್ಷರ

ಶಿಷ್ಯ ಕೇಳಿದ: “ಗುರುಗಳೇ, ಮಠದ ಕಂಪ್ಯೂಟರಿನಲ್ಲಿ ಒಂದಕ್ಷರ ಒತ್ತಿದರೆ ಸಾಕು, ಹಿಂದೆ ಯಾರೋ ಬರೆದದ್ದು ತಾನಾಗಿ ಕೆಳಗೆ ಇಳಿಯುತ್ತದೆ. ‘ಬ’ ಒತ್ತಿದರೆ ‘ಬೇರೆ ಮಠ ಸೇರುವುದು ಹೇಗೆ’ ಎಂದು ಬಂತು. ‘ಗ’ ಒತ್ತಿದರೆ ‘ಗುರುವನ್ನು ಬಿಟ್ಟರೆ ಪಾಪವೇ’ ಎಂದು ಬಂತು. ನಮ್ಮಲ್ಲೇ ಒಬ್ಬ ನಿಮಗೆ ಎರಡು ಬಗೆಯುತ್ತಿದ್ದಾನೆ. ಆ ಸಾಲುಗಳನ್ನು ಅಳಿಸಲೇ, ಬರೆದವನನ್ನು ಹಿಡಿಯಲೇ?”

ಗುರು ಹೇಳಿದರು:

ಒಬ್ಬ ಜವಳಿ ವರ್ತಕನಿದ್ದ. ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅವನೂ ಅವನ ಹೆಂಡತಿಯೂ ಅದನ್ನೇ ಬಳಸುತ್ತಿದ್ದರು. ಒಮ್ಮೆ ಅವನು ಸರಕು ತರಲು ಹೊರಟು, ಬಸ್ಸಿನ ಸೀಟು ಕಾದಿರಿಸಲು ಕೂತ. ಹೆಸರಿನ ಜಾಗದಲ್ಲಿ ತನ್ನ ಹೆಸರಿನ ಮೊದಲಕ್ಷರ ‘ಸ’ ಒತ್ತಿದ. ಅವನ ಹೆಸರಿನ ಕೆಳಗೆ ಇನ್ನೊಂದು ಹೆಸರು ಇಳಿಯಿತು: ಸಂಗಮನಾಥ. ಅಂಥವನು ಅವನಿಗೆ ಗೊತ್ತಿರಲಿಲ್ಲ.

ಹೆಂಡತಿ ಪಕ್ಕದ ಕೋಣೆಯಲ್ಲೇ ಸೀರೆ ಮಡಚುತ್ತಿದ್ದಳು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆ ಜಾಣ ಕೇಳಲಿಲ್ಲ. ಅವಳು ಮನೆಗೆ ಹೋದ ಮೇಲೆ ‘ಅ’ದಿಂದ ‘ಳ’ದ ತನಕ ಒಂದೊಂದೇ ಅಕ್ಷರ ಒತ್ತಿ ನೋಡಿದ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ‘ಮಲ್ಲಿಗೆ ದಂಡೆ’ ಎಂದು ಬಂದರೆ, ಯಾರಿಗಾಗಿ ಮುಡಿದಳು ಎಂದುಕೊಂಡ. ಕೊನೆಗೆ ಹುಡುಕುವ ಜಾಗದಲ್ಲಿ ತಾನೇ ಬರೆದ: ‘ಹೆಂಡತಿಯ ಮೇಲೆ ಕಣ್ಣಿಡುವುದು ಹೇಗೆ?’

ಕೆಲವು ದಿನಗಳಲ್ಲಿ ಹಳ್ಳಿಯ ಮುದುಕನೊಬ್ಬ ಮಗಳ ಲಗ್ನಪತ್ರಿಕೆ ಹಿಡಿದು ಅಂಗಡಿಗೆ ಬಂದ. ತನ್ನ ಹೆಸರು ಸಂಗಮನಾಥ ಎಂದ.

“ಸಾವಕಾರ್ರ, ಜವಳಿ ಒಯ್ಯಾಕ ಬಂದಾಗ ನೀವು ಇರಲಿಲ್ಲ. ಅಕ್ಕಾರು ಊಟ ಹಾಕಿ, ಬಸ್ಸಿನ ಸೀಟೂ ಮಾಡಿಕೊಟ್ರು. ಇಲ್ಲಾಂದ್ರ ಗಂಟು ಹೊತ್ಕೊಂಡು ಸ್ಟ್ಯಾಂಡಿನಾಗ ಕೂಡಬೇಕಿತ್ತು.”

ಲಗ್ನದ ಜವಳಿ ಕೊಂಡವರಿಗೆ ಉಣ್ಣಿಸಿ ಬಸ್ಸು ಹತ್ತಿಸುವುದು ಆ ಅಂಗಡಿಯ ಹಿರಿಯರ ಕಾಲದ ವಾಡಿಕೆ. ಅವಳು ಅದನ್ನೇ ನಡೆಸಿದ್ದಳು. ವರ್ತಕನಿಗೆ ನಾಚಿಕೆಯಾಯಿತು. ಮುದುಕ ಹೋದೊಡನೆ ‘ಸಂಗಮನಾಥ’ ಎಂಬ ಹೆಸರನ್ನು ಆರಿಸಿ ಅಳಿಸಿದ. ಅವಳದನ್ನು ಅಳಿಸಿದ, ತನ್ನದನ್ನು ಮರೆತ.

ಮರುದಿನ ಅವಳು ಕೋಸಂಬರಿ ಮಾಡುವ ಬಗೆ ನೋಡಲು ‘ಹೆಸರುಬೇಳೆ’ ಎಂದು ಬರೆಯಹೊರಟಳು. ‘ಹೆ’ ಎನ್ನುವಷ್ಟರಲ್ಲೇ ಗಂಡನ ಸಾಲು ಇಳಿಯಿತು. ಓದಿದಳು. ಅವನನ್ನು ಕರೆದು ತೋರಿಸಿದಳು.

“ನನ್ನ ಕೇಳಿದ್ರ ನಾನ ಹೇಳ್ತಿದ್ನಲ್ರಿ. ಈ ಡಬ್ಬಿ ಯಾಕ ಕೇಳಿದ್ರಿ?”

ಅವನು ಗಡಬಡಿಸಿ ಆ ಸಾಲನ್ನು ಅಳಿಸಿದ. ಸಾಲದೆಂದು ಅದರೊಳಗೆ ಉಳಿದಿದ್ದನ್ನೆಲ್ಲ ಅಳಿಸಿದ. ಅವಳು ಎದ್ದು ಹೋದಳು. ಮತ್ತೆ ಆ ಕಂಪ್ಯೂಟರ್ ಮುಟ್ಟಲಿಲ್ಲ, ಗಿರಾಕಿಗಳಿಗೆ ಸೀಟು ಮಾಡಿಕೊಡಲಿಲ್ಲ. ಅವನೊಡನೆ ಮಾತಾಡುತ್ತಿದ್ದಳು, ಆದರೆ ಪ್ರತಿ ಮಾತನ್ನೂ ಅಳೆದು ತೂಗಿ ಆಡುತ್ತಿದ್ದಳು. ಆ ಮನೆಯ ಸುಖ ಅಲ್ಲಿಗೆ ಮುಗಿಯಿತು.

ಗುರು ಇಷ್ಟು ಹೇಳಿ ಶಿಷ್ಯನ ಮುಖ ನೋಡಿದರು. ಯಾರೂ ಆರೋಪಿಸದಿದ್ದರೂ ಶಿಷ್ಯ ಹೆಗಲು ಮುಟ್ಟಿ ನೋಡಿಕೊಂಡ.

“ನಾನು ಬೇಕೆಂದು ನೋಡಲಿಲ್ಲ ಗುರುಗಳೇ. ಪಂಚಾಂಗ ಹುಡುಕಲು ಹೋಗಿ, ಕೈತಪ್ಪಿ ‘ಬ’ ಒತ್ತಿದೆ, ಅಷ್ಟೇ.”

ಗುರು ಕೇಳಿದರು: “ಸರಿಯಪ್ಪ, ‘ಗ’ ಒತ್ತಿದ ಕೈ ಯಾರದು?”