ಕಾಡುಹುಂಜದ ಕತ್ತಿನ ಗರಿ

ಗುಡ್ಡದ ಮೇಲಿನ ಒಂದು ಕಾಡಿನಲ್ಲಿ ತಣ್ಣನೆಯ ಹೊಳೆ ಹರಿಯುತ್ತಿತ್ತು. ಅದರಲ್ಲಿ ಮೈತುಂಬ ಚುಕ್ಕೆಯ ಟ್ರೌಟ್ ಮೀನುಗಳಿದ್ದವು. ಒಂದೇ ದಿನ ಬದುಕುವ ಸಣ್ಣ ರೆಕ್ಕೆಹುಳಗಳು ಹೊಳೆಯ ಮೇಲೆ ಹಾರಾಡುತ್ತಿದ್ದವು. ಸಂಜೆಯಾದರೆ ಅವು ಮೊಟ್ಟೆಯಿಟ್ಟು, ರೆಕ್ಕೆ ಚಾಚಿ, ನೀರಿನ ಮೇಲೆ ಸತ್ತು ಬೀಳುತ್ತಿದ್ದವು. ಆಗ ಮೀನುಗಳು ಮೇಲೆ ಬಂದು ಅವನ್ನು ನುಂಗುತ್ತಿದ್ದವು.

ಆ ಕಾಡಿನ ಪುನುಗುಬೆಕ್ಕಿಗೆ ಮೀನೆಂದರೆ ಪ್ರಾಣ. ಆದರೆ ಟ್ರೌಟ್ ಅದರ ಕೈಗೆ ಸಿಗುತ್ತಿರಲಿಲ್ಲ. ಬಾಗಿದ ಮುಳ್ಳಿಗೆ ಸತ್ತ ಹುಳದಂತೆ ಕಾಣುವ ಸುಳ್ಳುಹುಳ ಕಟ್ಟಿಸಿ, ನಾರಿನ ತುದಿಯಲ್ಲಿ ನೀರಿಗೆ ಬಿಡಬೇಕೆಂದು ಅದು ಯೋಚಿಸಿತು. ಗಂಟು ಹಾಕುವುದರಲ್ಲಿ ಗೀಜಗನನ್ನು ಮೀರಿಸುವವರಿರಲಿಲ್ಲ. ಪುನುಗು ಗೀಜಗನ ಮರದ ಕೆಳಗೆ ಬಂದು ಕುಳಿತಿತು.

"ಗೀಜಗಣ್ಣ, ನನಗೆ ಸುಳ್ಳುಹುಳ ಕಟ್ಟಿಕೊಡು. ನಿನ್ನ ಗೂಡಿನ ಹತ್ತಿರ ಹಾವು ಸುಳಿಯದಂತೆ ನಾನು ಕಾಯುತ್ತೇನೆ."

ಗೂಡಿನಲ್ಲಿ ಮೂರು ಮರಿಗಳಿದ್ದವು. ಗೀಜಗ ಒಪ್ಪಿತು.

ಪುನುಗು ಮೊದಲು ಒಣಗಿದ ಎಲೆ ತಂದಿತು. "ಇದು ಗಂಟು ಬಿಗಿಯುವಾಗಲೇ ಪುಡಿಯಾಗುತ್ತದೆ" ಎಂದಿತು ಗೀಜಗ. ಆಮೇಲೆ ಕಾಗೆಯ ಗರಿ ತಂದಿತು. "ಇದು ತೀರ ದಪ್ಪ. ಸತ್ತ ಹುಳದ ರೆಕ್ಕೆಯಲ್ಲಿ ಬೆಳಕು ತೂರಿ ಬರಬೇಕು."

"ಹಾಗಾದರೆ ಏನು ಬೇಕು, ಅದನ್ನು ಹೇಳು."

"ಕಾಡುಹುಂಜದ ಕತ್ತಿನ ಗರಿ. ಅದರ ಎಳೆ ತೆಳು, ಆದರೂ ಬಿರುಸು. ನೀರಿನ ಮೇಲೆ ಚಪ್ಪಟೆಯಾಗಿ ತೇಲುತ್ತದೆ. ಆದರೆ ಈಗ ಗರಿ ಉದುರುವ ಕಾಲವಲ್ಲ."

ಮರುದಿನವೇ ಪುನುಗು ನಾಲ್ಕು ಗರಿ ತಂದಿತು. "ಪೊದೆಯ ಕೆಳಗೆ ಬಿದ್ದಿದ್ದವು" ಎಂದಿತು. ಒಂದರ ಬುಡದಲ್ಲಿ ಕೆಂಪು ಕಲೆಯಿತ್ತು. ಗೀಜಗ ಕೇಳಿದಾಗ, "ಅತ್ತಿಹಣ್ಣಿನ ರಸ" ಎಂದಿತು. ಗರಿಗಳು ಬಹಳ ಚೆನ್ನಾಗಿದ್ದವು. ಗೀಜಗ ಮತ್ತೆ ಕೇಳಲಿಲ್ಲ. ಅದು ಕಟ್ಟಿದ ಹುಳಕ್ಕೆ ಮೀನುಗಳು ಮೋಸಹೋದವು. ಪುನುಗು ಹೊಟ್ಟೆ ಬಿರಿಯುವಂತೆ ತಿಂದಿತು. ಇನ್ನಷ್ಟು ಹುಳ ಬೇಕೆಂದು ಮತ್ತೆ ಮತ್ತೆ ಗರಿ ತಂದಿತು.

ಮೂರನೆಯ ಸಲ ತಂದ ಹುಂಜದ ಗರಿ ಹಸಿಯಾಗಿತ್ತು. ಗೀಜಗನ ಕೊಕ್ಕಿಗೆ ರಕ್ತ ಮೆತ್ತಿಕೊಂಡಿತು.

"ಉದುರಿದ ಗರಿಯ ಬುಡ ಒಣಗಿರುತ್ತದೆ. ಇದು ಕಿತ್ತದ್ದು. ಎಲ್ಲಿಂದ ತಂದೆ?"

"ಕಿತ್ತರೇನಾಯಿತು? ಮತ್ತೆ ಬೆಳೆಯುತ್ತದೆ" ಎಂದಿತು ಪುನುಗು. "ಹುಂಜದ ಗರಿಯೇ ಬೇಕು ಅಂದವನು ನೀನು. ಸುಮ್ಮನೆ ಕಟ್ಟು."

ಗೀಜಗನ ಮೈಯೆಲ್ಲ ಉರಿಯಿತು. ಪುನುಗಿನ ಮೇಲೆ ಎಷ್ಟು ಸಿಟ್ಟು ಬಂತೋ, ತನ್ನ ಮೇಲೂ ಅಷ್ಟೇ ಬಂತು. ಗರಿಯನ್ನು ಅಲ್ಲೇ ಬಿಟ್ಟು ಅದು ಕಾಡೆಲ್ಲ ಹಾರಿ ಹುಂಜವನ್ನು ಹುಡುಕಿತು. ಕೊನೆಗೆ ಒಂದು ಪೊಳ್ಳು ಮರದ ದಿಮ್ಮಿಯಿಂದ ನರಳುವ ಸದ್ದು ಕೇಳಿಸಿತು. ದಿಮ್ಮಿಯ ಬಾಯಿಗೆ ಕಲ್ಲು ಅಡ್ಡವಿತ್ತು. ಗೀಜಗ ಕಾಡುಹಂದಿಯನ್ನು ಕೂಗಿ ಕರೆಯಿತು. ಹಂದಿ ಮೂತಿಯಿಂದ ಕಲ್ಲನ್ನು ಉರುಳಿಸಿತು.

ಒಳಗಿನಿಂದ ಕಾಡುಹುಂಜ ತಡವರಿಸುತ್ತ ಹೊರಬಂತು. ಅದರ ಕತ್ತು ಬೋಳಾಗಿ, ಹುಣ್ಣಾಗಿತ್ತು. ಅದು ಗೀಜಗನನ್ನು ದಿಟ್ಟಿಸಿತು.

"ನಿನ್ನ ಕೊಕ್ಕಿನಲ್ಲಿರುವುದು ನನ್ನ ರಕ್ತ."

"ಹೌದು" ಎಂದಿತು ಗೀಜಗ. "ಮೊದಲ ದಿನವೇ ಕಲೆ ಕಂಡಿದ್ದೆ. ಗಟ್ಟಿಯಾಗಿ ಕೇಳಬೇಕಿತ್ತು. ಕೇಳಲಿಲ್ಲ."

ಹುಂಜ ಹೊಳೆಯ ಕಡೆಗೆ ತಿರುಗಿತು.

ಸಂಜೆ ಮೂವರೂ ಹೊಳೆಯ ದಂಡೆಗೆ ಹೋದರು. ಪುನುಗು ಸುಳ್ಳುಹುಳಗಳನ್ನು ಬಂಡೆಯ ಮೇಲೆ ಹರಡಿಕೊಂಡು ಕುಳಿತಿತ್ತು. ಗೀಜಗ ಹಾರಿಬಂದು ಒಂದೊಂದರ ಗಂಟನ್ನೂ ಕೊಕ್ಕಿನಿಂದ ಬಿಚ್ಚಿಹಾಕಿತು. ಗರಿಗಳು ಗಾಳಿಗೆ ಹಾರಿಹೋದವು. ಪುನುಗು ಗೀಜಗನ ಮೇಲೆ ಎಗರಿತು. ಹಂದಿ ನಡುವೆ ನುಗ್ಗಿ ಗುದ್ದಿದ ಹೊಡೆತಕ್ಕೆ ಪುನುಗು ಹೊಳೆಯಲ್ಲಿ ಹೋಗಿ ಬಿತ್ತು.

ಆದರೂ ಅದಕ್ಕೆ ಬುದ್ಧಿ ಬರಲಿಲ್ಲ. ತಾನೇ ಕಟ್ಟುತ್ತೇನೆಂದು ಹೊರಟಿತು. ಯಾರೂ ಒಂದೆಳೆ ಗರಿಯನ್ನೂ ಕೊಡಲಿಲ್ಲ. ಅದು ತನ್ನ ಬಾಲದ ಕೂದಲನ್ನೇ ಕಿತ್ತಿತು. ಒಂದೊಂದು ಕೂದಲಿಗೂ ಕಿರುಚಿತು. ಹಾಗೆ ಕಟ್ಟಿದ ಹುಳ ನೀರು ಕುಡಿದು ಮುಳುಗಿತು. ಇನ್ನೊಂದನ್ನು ಹಲ್ಲಿನಿಂದ ಕಚ್ಚಿ ಬಿಗಿಯುವಾಗ ಮುಳ್ಳು ಜಾರಿ ಅದರ ತುಟಿಗೇ ಚುಚ್ಚಿ ಸಿಕ್ಕಿಕೊಂಡಿತು.

ಎರಡು ದಿನ ಏನೂ ತಿನ್ನಲಾಗಲಿಲ್ಲ. ಪುನುಗು ಗೀಜಗನ ಮರದ ಕೆಳಗೆ ಬಂದು ಗೋಗರೆಯಿತು. "ನನ್ನನ್ನು ಕೇಳಬೇಡ, ಹುಂಜನನ್ನು ಕೇಳು" ಎಂದಿತು ಗೀಜಗ.

ಹುಂಜನ ಕತ್ತಿನ ಹುಣ್ಣು ಇನ್ನೂ ವಾಸಿಯಾಗಿರಲಿಲ್ಲ. ಅದು ಪುನುಗಿನ ಮುಖವನ್ನೂ ನೋಡದೆ ಹೇಳಿತು. "ಮುಳ್ಳು ತೆಗೆದುಬಿಡು ಗೀಜಗ. ಕಾರಣವಿಲ್ಲದೆ ನರಳಿಸುವುದು ಅವನ ಕೆಲಸ, ನಮ್ಮದಲ್ಲ. ಆದರೆ ಅವನು ಈ ಹೊಳೆ ಬಿಟ್ಟು ಹೋಗಬೇಕು. ಕ್ಷಮೆ ಕೇಳುವುದೂ ಬೇಡ. ನನ್ನ ಸಿಟ್ಟು ಇಳಿದಿಲ್ಲ."

ಗೀಜಗ ಮುಳ್ಳು ಕಿತ್ತಿತು. ಪುನುಗು ಬೋಳು ಬಾಲ ಎಳೆದುಕೊಂಡು ಗುಡ್ಡ ಇಳಿದು ಹೋಯಿತು.

ಹೊಸ ಗರಿ ಮೂಡುವವರೆಗೆ ಹುಂಜ ಗೀಜಗನ ಜೊತೆ ಮಾತಾಡಲಿಲ್ಲ. ಮಾತಾಡು ಎಂದು ಗೀಜಗನೂ ಕೇಳಲಿಲ್ಲ.

ನೀತಿ: ಇನ್ನೊಬ್ಬರನ್ನು ನೋಯಿಸಿ ಪಡೆದ ಸುಖ ನಿಲ್ಲುವುದಿಲ್ಲ; ಆ ನೋವನ್ನು ಕಂಡೂ ಕಾಣದಂತೆ ಇದ್ದವರದೂ ತಪ್ಪೇ.