ಗಾಜಿನ ಜಾಡಿ

ಹೆಂಡತಿ ಹೊನ್ನವ್ವ ತೀರಿಕೊಂಡ ಮೇಲೆ ದ್ಯಾಮಣ್ಣ ಹೊಳೆದಂಡೆಯ ಆಶ್ರಮ ಸೇರಿದ್ದ. ಅಲ್ಲಿನ ಗುರು ಅಜ್ಜಯ್ಯನ ಶಿಷ್ಯರಲ್ಲಿ ವಯಸ್ಸಿಗೆ ಅವನೇ ಹಿರಿಯ, ಅವನೇ ಹೊಸಬ.

ಆ ಊರಲ್ಲಿ ವರ್ಷಕ್ಕೊಮ್ಮೆ ನೀರುಗಂಟಿಯನ್ನು ಆರಿಸುತ್ತಿದ್ದರು. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು ಅವನು. ಆ ಕೆಲಸಕ್ಕೆ ನಿಂತವರಿಬ್ಬರಿಗೆ ಆಶ್ರಮದ ಅಂಗಳದಲ್ಲಿ ಒಂದೊಂದು ಮಣ್ಣಿನ ಮಡಕೆ. ಬಂದವರು ಮುಷ್ಟಿಯಲ್ಲಿ ಹೊಂಗೆಬೀಜ ಹಿಡಿದು, ಎರಡೂ ಮಡಕೆಗೆ ಕೈ ಇಳಿಸಿ, ಒಂದರಲ್ಲಿ ಬೀಜ ಬಿಡಬೇಕು. ತಳದಲ್ಲಿ ಮರಳು. ಸದ್ದೂ ಬಾರದು.

ಆ ವರ್ಷ ಗಿರಣಿ ಸಾಹುಕಾರ ತನ್ನ ಭಾವಮೈದುನನನ್ನು ನಿಲ್ಲಿಸಿದ. ಎದುರಿಗೆ ಹಳೆಯ ನೀರುಗಂಟಿ ಈರಣ್ಣ, ಕೊನೆಯ ಗದ್ದೆಗೂ ನೀರು ಮುಟ್ಟಿಸುತ್ತಿದ್ದವನು. ಸಾಹುಕಾರ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ. ಆಶ್ರಮಕ್ಕೆ ಎರಡು ಗಾಜಿನ ಜಾಡಿ ಕೊಟ್ಟ.

ಆರಿಸುವ ದಿನ ದ್ಯಾಮಣ್ಣ ಅವನ್ನು ತೊಳೆದು ಅಂಗಳದಲ್ಲಿ ಮಡಕೆಗಳ ಬದಲಿಗೆ ಇಟ್ಟ. "ಎಷ್ಟು ಚಂದ ಅಜ್ಜಯ್ಯ! ಮೋಸಕ್ಕೆ ಜಾಗವೇ ಇಲ್ಲ. ಎಲ್ಲ ಕಾಣುತ್ತೆ."

"ಯಾರಿಗೆ?"

ದ್ಯಾಮಣ್ಣ ತಿರುಗಿ ನೋಡಿದ. ಜಾಡಿಗಳ ಎದುರಿಗೇ ಸಾಹುಕಾರ ಕುರ್ಚಿ ಹಾಕಿ ಕೂತಿದ್ದ.

ಮೊದಲು ಬಂದವಳು ತಿಪ್ಪವ್ವ. ಗಿರಣಿಯಲ್ಲಿ ಅಕ್ಕಿ ಕೇರುವವಳು. ಅವಳ ತುಂಡು ಗದ್ದೆ ಎಲ್ಲಕ್ಕಿಂತ ಕೊನೆಯದು. ಈರಣ್ಣನ ಜಾಡಿಯ ಮೇಲೆ ಕೈ ತಂದವಳು ಹಾಗೇ ನಿಂತಳು.

"ಹಾಕು ತಾಯಿ, ನಾಚಿಕೆ ಯಾಕೆ? ನಾನೇನು ಹೊಸಬನಾ?" ಸಾಹುಕಾರ ನಕ್ಕ.

ಮುದುಕಿ ಬೀಜವನ್ನು ಸೆರಗಿಗೆ ಕಟ್ಟಿಕೊಂಡು ಹಿಂದೆ ಸರಿದಳು.

ಅಜ್ಜಯ್ಯ ಮೆಲ್ಲಗೆ ಕೇಳಿದರು: "ನಿನ್ನ ಹೊನ್ನವ್ವ ಯಾರಿಗೆ ಹಾಕುತ್ತಿದ್ದಳಪ್ಪ?"



"ಗೊತ್ತಿಲ್ಲ ಅಜ್ಜಯ್ಯ. ಪ್ರತಿ ವರ್ಷ ದಾರಿಯುದ್ದಕ್ಕೂ ಕೇಳುತ್ತಿದ್ದೆ. 'ನೀನ್ಯಾರು ಕೇಳಕ್ಕೆ?' ಅನ್ನುತ್ತಿದ್ದಳು. ಮನೆ ಮುಟ್ಟೋವರೆಗೂ ನಗುತ್ತಿದ್ದಳು. ಆ ದಿನ ಅವಳ ನಡಿಗೆಯೇ ಬೇರೆ."

ಹೇಳಿದವನು ಒಳಗೆ ಹೋದ. ಹಳೆಯ ಮಡಕೆ ಎರಡನ್ನೂ ಹೊತ್ತು ತಂದ. ತಳಕ್ಕೆ ಹೊಳೆಯ ಮರಳು ಹಾಸಿದ. ಜಾಡಿಗಳನ್ನು ಎತ್ತಿ ಸಾಹುಕಾರನ ಕುರ್ಚಿಯ ಪಕ್ಕ ಇಟ್ಟ.

"ಏನೋ ದ್ಯಾಮ, ನಾ ಕೊಟ್ಟದ್ದು ಬೇಡವಾಯ್ತಾ?"

"ತಪ್ಪು ನಂದೇ ಸಾಹುಕಾರ್ರೇ. ತಗೊಳ್ಳಬಾರದಿತ್ತು. ಉಪ್ಪಿನಕಾಯಿಗೆ ಆಗುತ್ತೆ, ಒಯ್ಯಿರಿ."

ಸಾಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಿಪ್ಪವ್ವ ಸೆರಗಿನ ಗಂಟು ಬಿಚ್ಚುತ್ತ ಮುಂದೆ ಬಂದಳು. ಎರಡೂ ಮಡಕೆಗೆ ನಿಧಾನವಾಗಿ ಕೈ ಇಳಿಸಿದಳು.

ಸಾಹುಕಾರ ಅಜ್ಜಯ್ಯನ ಕಡೆ ತಿರುಗಿದ. "ನಾಳೆ ನಮ್ಮ ಹುಡುಗ ಗೆದ್ದ ಅಂತಲೇ ಇಟ್ಟುಕೊಳ್ಳಿ. ಯಾರು ಹಾಕಿದರು, ಯಾರು ಹಾಕಲಿಲ್ಲ ಅಂತ ಅವನಿಗೆ ತಿಳಿಯೋದು ಹೇಗೆ?"

ಅಜ್ಜಯ್ಯ ಹೇಳಿದರು: "ತಿಳಿಯಲ್ಲಪ್ಪ. ಅದಕ್ಕೇ ಅವನು ಎಲ್ಲರ ಗದ್ದೆಗೂ ನೀರು ಬಿಡಬೇಕು."